ಮಂಡಕ್ಕಿ ಚೀಲದ ಫೈಟು: ನಮ್ಮೂರ ಹುಡುಗರ ಆ್ಯಕ್ಷನ್ ಕಾಮಿಡಿ ಓಪನಿಂಗ್ ಬಿಡಿಸಿ ನೋಡೋಣ ಬನ್ನಿ

ಕತ್ತರಿ ಕೆಲಸ

ಕಳೆದ ವಾರ ದಾವಣಗೆರೆಯ ಕಾಲೇಜೊಂದರ ವಿದ್ಯಾರ್ಥಿಗಳು ಮಾಡಿದ ಓಪನಿಂಗ್ ನೋಡಿದೆ. ಪೂರ್ತಿ ಸಿನಿಮಾ ಅಲ್ಲ. ಸಿನಿಮಾ ಇದ್ದಿದ್ದರೆ ಅದರ ಮೊದಲ ಎರಡು ನಿಮಿಷ ಹೇಗಿರುತ್ತಿತ್ತು ಅಂತ ತೋರಿಸುವ ಅಭ್ಯಾಸ. ಒಟ್ಟು 2 ನಿಮಿಷ 10 ಸೆಕೆಂಡ್. ನಾಲ್ಕು ಜನ, ಎರಡು ಫೋನು, ಒಂದು ಬಾಡಿಗೆ ಟ್ರೈಪಾಡ್. ನಾನು ಎಡಿಟಿಂಗ್ ಮಾಡಿ ಊಟ ಮಾಡುವವಳು. ಇಷ್ಟು ಚೆನ್ನಾಗಿರುವುದನ್ನು ಸುಮ್ನೆ ಲೈಕ್ ಒತ್ತಿ ಬಿಡಲು ಮನಸ್ಸು ಬರಲಿಲ್ಲ.

ಕಥೆ ಇಷ್ಟೇ. ಬೆಳಿಗ್ಗೆ ಹೊತ್ತು. ಹುಡುಗನೊಬ್ಬ ಬೆಣ್ಣೆ ದೋಸೆ ಪಾರ್ಸೆಲ್ ಹಿಡಿದು ಹೋಟೆಲ್ಲಿನಿಂದ ಹೊರಗೆ ಬರುತ್ತಾನೆ. ಎದುರಿನ ಕಟ್ಟೆ ಮೇಲೆ ಕೂತ ಇಬ್ಬರು ರೌಡಿಗಳ ಕಣ್ಣು ಆ ಪೊಟ್ಟಣದ ಮೇಲೆ. ಓಟ ಶುರು. ಮಂಡಿಪೇಟೆ ಕಡೆಯ ಗಲ್ಲಿಗಳು, ಕೊನೆಗೆ ಮಂಡಕ್ಕಿ ಭಟ್ಟಿ ಹಿಂದಿನ ಬಯಲು. ಅಲ್ಲಿ ಫೈಟು. ಚೀಲ ಒಡೆದು ಎಲ್ಲ ಕಡೆ ಮಂಡಕ್ಕಿ. ಹುಡುಗ ಪೊಟ್ಟಣ ಮೇಲೆತ್ತಿ ಹಿಡಿದಾಗ ಫ್ರೇಮ್ ನಿಲ್ಲುತ್ತದೆ, ಟೈಟಲ್ ಬೀಳುತ್ತದೆ.

ಕೂತು ಶಾಟ್ ಎಣಿಸಿದೆ. ಒಟ್ಟು 61. ಮೊದಲ 30 ಸೆಕೆಂಡಿಗೆ 6 ಮಾತ್ರ. ಮುಂದಿನ 45 ಸೆಕೆಂಡಿನ ಓಟಕ್ಕೆ 34. ಉಳಿದ 55 ಸೆಕೆಂಡಿಗೆ 21. ಅಂದರೆ ಓಟದಲ್ಲಿ ಒಂದೊಂದು ಶಾಟ್ ಸುಮಾರು 1.3 ಸೆಕೆಂಡ್. ಎಲ್ಲಿ ನಿಧಾನ, ಎಲ್ಲಿ ಜೋರು ಅಂತ ಮೊದಲೇ ಯೋಚಿಸಿ ಕೂತಿದ್ದಾರೆ ಅನ್ನೋದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಶುರುವಿನಲ್ಲಿ ತೆರೆ ಕಪ್ಪಗಿದೆ. ಚಿತ್ರ ಇಲ್ಲ, ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ ‘ಚುಂಯ್’ ಸದ್ದು ಮಾತ್ರ. ಆಮೇಲೆ ಚಿತ್ರ. ಹೀಗೆ ಸದ್ದು ಮೊದಲು ಬಂದು ಚಿತ್ರ ಹಿಂದೆ ಬಂದರೆ ಜೆ ಕಟ್ ಅನ್ನುತ್ತೇವೆ. ದಾವಣಗೆರೆಯವರಿಗೆ ಆ ಸದ್ದೊಂದೇ ಸಾಕು. ಊರಿನ ಬೋರ್ಡು ತೋರಿಸದೆಯೇ ಊರು ಬಂತು.

ಆಮೇಲೆ ಕ್ಯಾಮೆರಾ ನೆಲಕ್ಕಿಳಿಯುತ್ತದೆ. ಹವಾಯಿ ಚಪ್ಪಲಿಯ ಕಾಲು, ಸ್ಲೋ ಮೋಷನ್, ಹಿನ್ನೆಲೆಯಲ್ಲಿ ತಮಟೆ. ಲೋ ಆಂಗಲ್‌ನಿಂದ ಹುಡುಗ ತೆಂಗಿನ ಮರದಷ್ಟು ಎತ್ತರ. ಥಟ್ಟನೆ ತಮಟೆ ನಿಲ್ಲುತ್ತದೆ. ರಸ್ತೆಯ ಆಚೆ ಬದಿಯಿಂದ ವೈಡ್ ಶಾಟ್, ಮಾಮೂಲಿ ವೇಗ. ಚಪ್ಪಲಿಯ ಉಂಗುಷ್ಟ ಕಿತ್ತಿದೆ. ಸಣಕಲು ಹುಡುಗ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಪಿನ್ನು ಹಾಕುತ್ತಿದ್ದಾನೆ. ಇಡೀ ಎರಡು ನಿಮಿಷದಲ್ಲಿ ನನಗೆ ಬಲು ಇಷ್ಟವಾದ ಶಾಟ್ ಇದು. ನನ್ನ ತಕರಾರೂ ಇದರ ಮೇಲೇ. ಎರಡೇ ಸೆಕೆಂಡಿಗೆ ಕತ್ತರಿ ಹಾಕಿಬಿಟ್ಟಿದ್ದಾರೆ! ನಗು ಗಂಟಲಿಗೆ ಬರುವಷ್ಟರಲ್ಲಿ ರೌಡಿಯ ಮುಖ ಬಂತು.

ಪೆಟ್ಟು ನಂಬಬೇಕಾದರೆ ಕ್ಯಾಮೆರಾ ಹತ್ತಿರ ಹೋಗಬೇಕು, ಬೇಗ ಕಟ್ ಆಗಬೇಕು. ನಗು ಬರಬೇಕಾದರೆ ಕ್ಯಾಮೆರಾ ಹಿಂದೆ ಸರಿದು ಕಾಯಬೇಕು. ಆ್ಯಕ್ಷನ್ ಕಾಮಿಡಿ ಕಷ್ಟ ಆಗೋದೇ ಇಲ್ಲಿ. ಒಂದೇ ಸೀನಿನಲ್ಲಿ ಎರಡೂ ಬೇಕು. ಯಾವ ಗಳಿಗೆ ಪೆಟ್ಟಿನದು, ಯಾವುದು ನಗುವಿನದು ಅಂತ ಎಡಿಟರ್‌ಗೆ ಗೊತ್ತಿರಬೇಕು. ನಿಮಗೆಲ್ಲ ಏನನ್ನಿಸಿತು?

ಕಂಪನಿ ನಾಟಕ ಪ್ರಿಯ

ನನಗೆ ಕ್ಯಾಮೆರಾ ಗೊತ್ತಿಲ್ಲ ತಂಗಿ. ನಗುವಿಗೆ ಕಾಯುವುದು ಗೊತ್ತು. ನಮ್ಮೂರಿನ ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿಕೊಂಡು ಬೆಳೆದವನು. ಹಾಸ್ಯ ಪಾತ್ರದವನು ಮಾತು ಎಸೆದು ಸುಮ್ಮನೆ ನಿಂತುಬಿಡುತ್ತಿದ್ದ. ಧೋತ್ರ ಸರಿ ಮಾಡಿಕೊಳ್ಳುವನು, ಅಷ್ಟೇ. ನಗು ಒಂದು ಕಡೆ ಶುರುವಾಗಿ ಪೆಂಡಾಲ್ ತುಂಬಾ ಹಬ್ಬಿ, ಇನ್ನೇನು ಇಳಿಯಬೇಕು ಅನ್ನುವಾಗ ಮುಂದಿನ ಮಾತು. ಪೂರ್ತಿ ಇಳಿಯಲು ಬಿಡುತ್ತಿರಲಿಲ್ಲ, ಬಿಟ್ಟರೆ ಸೀನು ತಣ್ಣಗಾಗುತ್ತದೆ. ಏರುವಾಗಲೇ ಮಾತಾಡಿದರೆ ಆ ಮಾತು ಯಾರಿಗೂ ಕೇಳಿಸುವುದಿಲ್ಲ.

ಕತ್ತರಿ ಕೆಲಸ

ಸರ್, ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ರಂಗದ ಮೇಲಿರುವವನಿಗೆ ಜನರ ನಗು ಕೇಳಿಸುತ್ತದೆ. ಎಡಿಟ್ ಟೇಬಲ್ ಮುಂದೆ ಕೂತವರಿಗೆ ಕೇಳಿಸುವುದಿಲ್ಲ. ಅದೇ ಶಾಟನ್ನು ನೂರು ಸಲ ನೋಡಿರುತ್ತೇವೆ, ನಗು ಸತ್ತೇ ಹೋಗಿರುತ್ತದೆ. ಹಾಗಾಗಿ ಕೈ ತಾನಾಗಿ ಬೇಗ ಕಟ್ ಮಾಡುತ್ತದೆ. ನಾನು ಮಾಡೋದು ಹೀಗೆ: ಕಥೆ ಗೊತ್ತಿಲ್ಲದ ನಾಲ್ಕೈದು ಜನರನ್ನು ಕೂರಿಸುತ್ತೇನೆ. ತೆರೆ ನೋಡುವುದಿಲ್ಲ, ಅವರ ಮುಖ ನೋಡುತ್ತೇನೆ. ಎಲ್ಲಿ ನಕ್ಕರು, ಎಷ್ಟು ಹೊತ್ತು ನಕ್ಕರು ಅಂತ ಬರೆದುಕೊಳ್ಳುತ್ತೇನೆ.

ವೈಡ್ ಶಾಟಿನ ಬಗ್ಗೆಯೂ ಒಂದು ಮಾತು. 1928ರ ಚಿತ್ರವೊಂದರಲ್ಲಿ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮನೆಯ ಮುಂಗೋಡೆ ಇಡಿಯಾಗಿ ಬೀಳುತ್ತದೆ. ಮೇಲಿನ ಕಿಟಕಿಯ ಜಾಗ ಸರಿಯಾಗಿ ಅವನ ಮೈ ಸುತ್ತ ಇಳಿಯುತ್ತದೆ, ಅವನು ನಿಂತಲ್ಲೇ ಉಳಿಯುತ್ತಾನೆ. ಗೋಡೆ ಬೀಳುವುದು ಒಂದೇ ಶಾಟ್, ದೂರದಿಂದ. ಮಧ್ಯೆ ಮುಖದ ಕ್ಲೋಸಪ್ ಹಾಕಿದ್ದರೆ ಅದು ಹೆದರಿಕೆಯ ಸೀನ್ ಆಗುತ್ತಿತ್ತು. ದೂರದಲ್ಲಿ ನಿಂತಿದ್ದಕ್ಕೆ ಮನುಷ್ಯನೂ ಗೋಡೆಯೂ ಒಟ್ಟಿಗೆ ಕಂಡವು. ಚಪ್ಪಲಿ ಶಾಟಿನಲ್ಲೂ ಅದೇ ಗುಣ ಇದೆ. ಹುಡುಗ, ರಸ್ತೆ, ಅವನ ಪಾಡಿಗೆ ಹೋಗುವ ಆಟೋ, ಎಲ್ಲ ಒಂದೇ ಫ್ರೇಮಿನಲ್ಲಿ.

ಮದುವೆ ವಿಡಿಯೋ

ನಮ್ಮ ಕಸುಬಿನವರ ಕಣ್ಣಿಗೆ ಬಿದ್ದಿದ್ದು ಬೇರೆ. ಕಾವಲಿ ಮೇಲೆ ಬೆಣ್ಣೆ ಕರಗುವ ಸ್ಲೋ ಮೋಷನ್ ಶಾಟ್ ಇದೆಯಲ್ಲ, ಅದರಲ್ಲಿ ಬೆಳಕು ಮಿಣಮಿಣ ಅನ್ನುತ್ತದೆ. ಫೋನ್ ಕೆಟ್ಟಿಲ್ಲ. ಹೋಟೆಲ್ಲಿನ ಟ್ಯೂಬ್‌ಲೈಟ್ ಕೆಲಸ ಅದು.

ನಮ್ಮಲ್ಲಿ ಕರೆಂಟ್ 50 ಹರ್ಟ್ಜ್. ಹಳೆ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗಲ್ಲ. ಫೋನು ಸೆಕೆಂಡಿಗೆ 120 ಫ್ರೇಮ್ ತೆಗೆಯುವಾಗ ಎರಡಕ್ಕೂ ತಾಳೆ ಆಗುವುದಿಲ್ಲ, ಒಂದು ಫ್ರೇಮ್ ಬೆಳಗುತ್ತದೆ, ಇನ್ನೊಂದು ಮಂಕು. ಅದನ್ನು 24 ಫ್ರೇಮಿಗೆ ಇಳಿಸಿದಾಗ ಐದು ಪಟ್ಟು ನಿಧಾನ. ಆಗ ಆ ವ್ಯತ್ಯಾಸ ಸೆಕೆಂಡಿಗೆ ನಾಲ್ಕು ಸಲ ಏರಿಳಿಯುವ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಛತ್ರದ ಒಳಗೆ ಸ್ಲೋ ಮೋಷನ್ ತೆಗೆದು ನಾವೆಲ್ಲ ಕಲಿತ ಪಾಠ ಇದು. ಕಿಟಕಿ ಪಕ್ಕಕ್ಕೆ ಹೋಗಿ ಬಿಸಿಲಿನಲ್ಲಿ ತೆಗೀರಿ. ಇಲ್ಲಾಂದ್ರೆ ಸ್ಲೋ ಮೋಷನ್ ಬಿಟ್ಟು, ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟು ಮಾಮೂಲಿ ವೇಗದಲ್ಲಿ ತೆಗೀರಿ.

ಇನ್ನೊಂದು. ಓಟದ ಎರಡು ಶಾಟನ್ನು ಎಡಿಟ್‌ನಲ್ಲಿ ವೇಗ ಮಾಡಿದ್ದಾರೆ. ಹಳೆ ಮೂಕಿ ಚಿತ್ರಗಳಲ್ಲಿ ಕ್ಯಾಮೆರಾ ನಿಧಾನಕ್ಕೆ ತಿರುಗಿಸಿ ಹೀಗೇ ಮಾಡುತ್ತಿದ್ದರು, ತಪ್ಪಿಲ್ಲ. ಆದರೆ ಹಿಂದೆ ಸೈಕಲ್ ಮೇಲೆ ಹೋಗುವ ಯಜಮಾನರೂ ಬಾಣದ ಹಾಗೆ ಹೋಗುತ್ತಾರೆ. ಅಲ್ಲಿ ಗುಟ್ಟು ಬಯಲಾಯಿತು. ಹಿಂದೆ ಬರೀ ಗೋಡೆ ಇರುವ ಶಾಟ್ ಆರಿಸಿಕೊಳ್ಳಬೇಕಿತ್ತು.

ಮಂಡಕ್ಕಿ ಟೀಮ್

ನಾನೇ ಇದರ ಡೈರೆಕ್ಟರ್. ನಾವು ನಾಲ್ಕೂ ಜನ ಒಟ್ಟಿಗೆ ಕೂತು ಓದುತ್ತಿದ್ದೇವೆ. ಅಣ್ಣಾ, ಆ ಮಿಣಮಿಣ ಏನು ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆವು. ಫೋನ್ ಬಿಸಿಯಾಗಿ ಹಾಗಾಯಿತು ಅಂದುಕೊಂಡು ಫ್ಯಾನ್ ಕೆಳಗೆ ಇಟ್ಟಿದ್ದೆವು. ತುಂಬಾ ಥ್ಯಾಂಕ್ಸ್.

ಅಕ್ಕಾ, ಚಪ್ಪಲಿ ಶಾಟ್ ಒಟ್ಟು 11 ಸೆಕೆಂಡ್ ಇದೆ. ಉದ್ದ ಆಯಿತು, ಬೋರ್ ಆಗುತ್ತದೆ ಅಂತ ನಾನೇ ಕತ್ತರಿಸಿದೆ. ಮತ್ತೆ ಕೂರುತ್ತೇನೆ.

ದುರ್ಗದ ಕಲ್ಲು

ಓಟ ಚೆನ್ನಾಗಿದೆ. ಒಂದು ಕಡೆ ನನಗೆ ದಿಕ್ಕು ತಪ್ಪಿತು. ಹುಡುಗ ಎಡದಿಂದ ಬಲಕ್ಕೆ ಓಡುತ್ತಿದ್ದ. ಬಟ್ಟೆ ಅಂಗಡಿ ದಾಟಿದ ಮೇಲೆ ಬಲದಿಂದ ಎಡಕ್ಕೆ. ವಾಪಸ್ ರೌಡಿಗಳ ಕಡೆಗೇ ಓಡುತ್ತಿದ್ದಾನೇನೋ ಅನ್ನಿಸಿತು. ನನಗೊಬ್ಬನಿಗೇ ಹೀಗಾಯ್ತಾ?

ಕತ್ತರಿ ಕೆಲಸ

ಇಲ್ಲ, ನನಗೂ ಆಯಿತು. ಇದು 180 ಡಿಗ್ರಿ ನಿಯಮದ ವಿಷಯ. ಓಡುವವನಿಂದ ಅಟ್ಟಿಸಿಕೊಂಡು ಬರುವವರ ತನಕ ನೆಲದ ಮೇಲೆ ಒಂದು ಗೆರೆ ಎಳೆದಿದ್ದೀರಿ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಗೆ ಇದ್ದರೆ ಓಟದ ದಿಕ್ಕು ಬದಲಾಗಲ್ಲ. ಗೆರೆ ದಾಟಿದ ತಕ್ಷಣ ಎಡ ಬಲ ಆಗುತ್ತದೆ. ಗಲ್ಲಿಯಲ್ಲಿ ಇವರು ನೆರಳು ಹುಡುಕಿಕೊಂಡು ಆಚೆ ಬದಿಗೆ ಹೋಗಿ ನಿಂತಿದ್ದಾರೆ ಅನ್ನಿಸುತ್ತದೆ.

ಸರಿ ಮಾಡೋದು ಸುಲಭ. ಎರಡು ಶಾಟಿನ ನಡುವೆ ಹುಡುಗ ನೇರ ಕ್ಯಾಮೆರಾ ಕಡೆಗೇ ಓಡಿ ಬರುವ ಶಾಟ್ ಒಂದು ಸಿಕ್ಕಿಸಿ. ಅದಕ್ಕೆ ಎಡ ಇಲ್ಲ, ಬಲ ಇಲ್ಲ. ಅದಾದ ಮೇಲೆ ಯಾವ ದಿಕ್ಕಿಗೆ ಓಡಿದರೂ ಕಣ್ಣು ಒಪ್ಪುತ್ತದೆ. ಚಿತ್ರವನ್ನೇ ಕನ್ನಡಿಯ ಹಾಗೆ ತಿರುಗಿಸಿದರೆ ಆಗಲ್ವಾ ಅಂತ ಕೇಳಬಹುದು. ಬೇಡ. ಅಂಗಡಿ ಬೋರ್ಡಿನ ಅಕ್ಷರ ಎಲ್ಲ ಉಲ್ಟಾ ಆಗುತ್ತದೆ, ಕನ್ನಡ ಓದುವವರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ಮೊದಲ ವರ್ಷ

ನಾನು ಈಗಷ್ಟೇ ಕಲಿಯುತ್ತಿದ್ದೇನೆ. ಆ ದಪ್ಪ ಮೀಸೆಯ ರೌಡಿ ಬಹಳ ಚೆನ್ನಾಗಿ ನಟಿಸಿದ್ದಾರೆ. ಮೊದಲು ಹಸಿವು, ಆಮೇಲೆ ಸಿಟ್ಟು, ಕೊನೆಗೆ ದುಃಖ. ಅವರು ನಾಟಕ ಮಾಡಿದವರಾ?

ಮಂಡಕ್ಕಿ ಟೀಮ್

ಹೇಳಲು ಖುಷಿಯಾಗುತ್ತಿದೆ. ಅದು ಮೂರೂ ಕಡೆ ಒಂದೇ ಕ್ಲಿಪ್. ಅವನಿಗೆ ‘ಏನೂ ಮಾಡಬೇಡ, ಆ ಕಂಬ ನೋಡ್ತಾ ಇರು’ ಅಂದಿದ್ದೆ. ಮೊದಲ ಸಲ ಅದರ ಪಕ್ಕ ದೋಸೆಯ ಶಾಟ್ ಹಾಕಿದೆವು. ಎರಡನೇ ಸಲ ಓಡುವ ಹುಡುಗ. ಮೂರನೇ ಸಲ ನೆಲದ ಮೇಲೆ ಚೆಲ್ಲಿದ ಚಟ್ನಿ.

ಕತ್ತರಿ ಕೆಲಸ

ವಾಹ್! ನನಗೂ ಗೊತ್ತಾಗಿರಲಿಲ್ಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಮಾಡಿ ತೋರಿಸಿದ್ದು ಇದನ್ನೇ. ನಟನ ಭಾವವಿಲ್ಲದ ಮುಖ ಒಂದೇ. ಪಕ್ಕದಲ್ಲಿ ಸೂಪಿನ ತಟ್ಟೆಯ ಶಾಟ್ ಇಟ್ಟರೆ ಹಸಿವು, ಶವಪೆಟ್ಟಿಗೆಯ ಶಾಟ್ ಇಟ್ಟರೆ ದುಃಖ. ಭಾವವನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಮೊದಲ ವರ್ಷದವರೇ, ನೀವು ಕಂಡ ದುಃಖ ಚಟ್ನಿಯಿಂದ ಬಂದಿದ್ದು.

ಸೌಂಡ್ ಪೆಟ್ಟಿಗೆ

ಫೈಟಿಗೆ ಬರೋಣ. ನಾನು ಇದನ್ನು ಮೊದಲು ನೋಡಿದ್ದು ಒಂದು ಸಭಾಂಗಣದಲ್ಲಿ. ಅಲ್ಲಿನ ಸ್ಪೀಕರ್ ಹೇಗಿತ್ತೆಂದರೆ ಪೆಟ್ಟಿನ ಸದ್ದೆಲ್ಲ ತಗಡು ಬಡಿದ ಹಾಗೆ. ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದಾಗ ಇವರ ಕೆಲಸ ಗೊತ್ತಾಯಿತು.

ಸ್ಥಳದಲ್ಲಿ ರೆಕಾರ್ಡ್ ಆದ ಸದ್ದಿನಿಂದ ಯಾವ ಫೈಟೂ ನಿಲ್ಲಲ್ಲ. ನಿಜವಾದ ಪೆಟ್ಟಿಗೆ ಸಿನಿಮಾದಲ್ಲಿ ಕೇಳುವಂಥ ಸದ್ದು ಇರಲ್ಲ. ಸದ್ದನ್ನು ಆಮೇಲೆ ಮಾಡಿ ಕೂರಿಸಬೇಕು. ಇದಕ್ಕೆ ಫೋಲಿ ಅನ್ನುವುದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ಕೆಲಸ ಮಾಡುತ್ತಿದ್ದ ಜ್ಯಾಕ್ ಫೋಲಿ ಅವರ ಹೆಸರಿನಿಂದ. ಈ ಹುಡುಗರ ಗುದ್ದಿನ ಸದ್ದು ಒದ್ದೆ ಟವಲ್ ಮಡಚಿ ದಿಂಬಿಗೆ ಬಡಿದಿದ್ದು ಅಂತ ನನ್ನ ಅಂದಾಜು. ಕೈ ತಿರುಚುವಾಗ ಬರುವ ‘ಕಟಕ್’ ಕಬ್ಬು ಮುರಿದಿದ್ದು. ಸರಿನಾ?

ಚೀಲ ಒಡೆಯುವ ಮುಂಚೆ ಅರ್ಧ ಸೆಕೆಂಡ್ ಎಲ್ಲ ಸದ್ದು ತೆಗೆದಿದ್ದಾರೆ. ತಮಟೆ ಇಲ್ಲ, ಉಸಿರಿಲ್ಲ. ಆಮೇಲೆ ಮಂಡಕ್ಕಿ ಸುರಿಯುವ ಸಣ್ಣ ‘ಸರ್ರ್’. ಕಿವಿಗೆ ಆ ಖಾಲಿ ಜಾಗ ಸಿಕ್ಕಿದ್ದರಿಂದಲೇ ಅಷ್ಟು ಸಣ್ಣ ಸದ್ದು ಅಷ್ಟು ದೊಡ್ಡದಾಗಿ ಕೇಳಿಸಿತು.

ಮಂಡಕ್ಕಿ ಟೀಮ್

ಟವಲ್ ಸರಿ. ಕಬ್ಬು ಅಲ್ಲ ಅಣ್ಣಾ, ಗಜ್ಜರಿ. ಕಲ್ಲಿನ ಮೇಲೆ ನಡೆಯುವ ಸದ್ದೂ ನಿಜ ಅಲ್ಲ. ತಟ್ಟೆಯಲ್ಲಿ ಮಂಡಕ್ಕಿ ಹಾಕಿ ಫೋನ್ ಪಕ್ಕದಲ್ಲಿಟ್ಟು ಮುಷ್ಟಿಯಲ್ಲಿ ಒತ್ತಿದ್ದು. ಹೊಸ ಮಂಡಕ್ಕಿಯೇ ಬೇಕು, ಮೆತ್ತಗಾಗಿದ್ದರೆ ಸದ್ದು ಬರಲ್ಲ. ತಮಟೆ ಬಾರಿಸಿದ್ದು ನಮ್ಮ ಕ್ಲಾಸಿನವನೇ. ದುಗ್ಗಮ್ಮನ ಜಾತ್ರೆಯಲ್ಲಿ ಅವನ ಮನೆಯವರು ಬಾರಿಸುತ್ತಾರೆ.

ಮದುವೆ ವಿಡಿಯೋ

ಸದ್ದು ಚೆನ್ನಾಗಿದೆ, ಒಪ್ಪಿದೆ. ಆದರೆ ಎರಡನೇ ಗುದ್ದಿನಲ್ಲಿ ಮುಷ್ಟಿಗೂ ಗಲ್ಲಕ್ಕೂ ನಡುವೆ ಒಂದು ಗೇಣು ಬೆಳಕು ಕಾಣುತ್ತದೆ. ಕ್ಯಾಮೆರಾ ಪಕ್ಕದಲ್ಲಿ ನಿಂತಿದೆ, ಅದಕ್ಕೇ.

ಕತ್ತರಿ ಕೆಲಸ

ಹೌದು. ಹಾಗಂತ ಆ ಒಂದು ಗೇಣು ಕಡಿಮೆ ಮಾಡಬೇಡಿ ಮಕ್ಕಳೇ, ಅದು ನಿಮ್ಮ ಹಲ್ಲು ಉಳಿಸುವ ಜಾಗ. ಕ್ಯಾಮೆರಾವನ್ನು ತಿರುಗಿಸಿ. ಪೆಟ್ಟು ತಿನ್ನುವವನ ಬೆನ್ನ ಹಿಂದೆ, ಭುಜದ ಪಕ್ಕ ಇಡಿ. ಲೆನ್ಸು, ಗಲ್ಲ, ಮುಷ್ಟಿ ಒಂದೇ ಸಾಲಿಗೆ ಬಂದರೆ ನಡುವಿನ ಜಾಗ ಕಾಣುವುದೇ ಇಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ ಫೋನಿನ 2 ಪಟ್ಟು ಲೆನ್ಸ್ ಬಳಸಿದರೆ ಇನ್ನೂ ಒಳ್ಳೆಯದು, ದೂರ ಕುಗ್ಗಿದ ಹಾಗೆ ಕಾಣುತ್ತದೆ. ಇನ್ನುಳಿದಿದ್ದು ಪೆಟ್ಟು ತಿಂದವನ ಕುತ್ತಿಗೆಯ ಕೆಲಸ. ಗುದ್ದಿದವನಿಗಿಂತ ಗುದ್ದಿಸಿಕೊಂಡವನು ಜಾಸ್ತಿ ನಟಿಸಬೇಕು.

ಹಾಂಗ್‌ಕಾಂಗ್‌ನ ಫೈಟುಗಳಲ್ಲಿ, ಜಾಕಿ ಚಾನ್ ಚಿತ್ರಗಳಲ್ಲಿ ಮುಖ್ಯವಾಗಿ, ಇನ್ನೊಂದು ಉಪಾಯ ನೋಡಬಹುದು. ಪೆಟ್ಟು ಬೀಳುವುದನ್ನು ವೈಡ್‌ನಲ್ಲಿ ತೋರಿಸಿ, ಹತ್ತಿರದ ಶಾಟಿಗೆ ಹೋಗುವಾಗ ಎರಡು ಮೂರು ಫ್ರೇಮ್ ಹಿಂದಕ್ಕೆ ಹೋಗಿ ಅದೇ ಪೆಟ್ಟು ಮತ್ತೆ ತೋರಿಸುತ್ತಾರೆ. ಕಣ್ಣಿಗೆ ಎರಡು ಅನ್ನಿಸಲ್ಲ, ಒಂದೇ ಪೆಟ್ಟು ಭಾರ ಅನ್ನಿಸುತ್ತದೆ. ನಿಮ್ಮ ಮೊದಲ ಗುದ್ದಿಗೆ ಇದನ್ನು ಮಾಡಿ ನೋಡಿ.

ಕ್ಯಾಮೆರಾ ವಾಲಿಸಿ ತೆಗೆಯುವ ಓರೆ ಆಂಗಲ್ ಬಗ್ಗೆ ಒಂದೇ ಮಾತು. ಫೈಟಿನಲ್ಲಿ ಏಳು ಶಾಟ್ ಓರೆಯಾಗಿವೆ. ಒಂದು ಸಾಕಿತ್ತು.

ದುರ್ಗದ ಕಲ್ಲು

ಮುಂದಿನ ಸಲ ನಮ್ಮೂರಿಗೆ ಬನ್ನಿ. ಚಿತ್ರದುರ್ಗದ ಕೋಟೆ ಇರೋದೇ ಓಟಕ್ಕೆ. ಏಳು ಸುತ್ತಿನ ಕೋಟೆಯಲ್ಲಿ ಬಾಗಿಲುಗಳು ನೇರ ಸಾಲಿನಲ್ಲಿಲ್ಲ. ಒಂದು ದಾಟಿದರೆ ಎದುರಿಗೆ ಗೋಡೆ, ತಿರುಗಲೇಬೇಕು. ಶತ್ರು ಒಂದೇ ಓಟಕ್ಕೆ ನುಗ್ಗಬಾರದು ಅಂತ ಕಟ್ಟಿದ್ದು. ಶೂಟಿಂಗಿಗೆ ಅದೇ ವರ. ಪ್ರತಿ ತಿರುವಿನಲ್ಲೂ ಒಂದು ಕ್ಷಣ ಕಲ್ಲು ಲೆನ್ಸಿಗೆ ಅಡ್ಡ ಬಂದು ಫ್ರೇಮ್ ಕಪ್ಪಾಗುತ್ತದೆ. ಅಲ್ಲಿ ಕಟ್ ಮಾಡಿದರೆ ಯಾರಿಗೂ ತಿಳಿಯಲ್ಲ, ಇಡೀ ಓಟ ಒಂದೇ ಶಾಟಿನ ಹಾಗೆ ಕಾಣುತ್ತದೆ.

1972ರ ‘ನಾಗರಹಾವು’ ಚಿತ್ರಕ್ಕೆ ಪುಟ್ಟಣ್ಣ ಕಣಗಾಲ್ ಇಲ್ಲೇ ಶೂಟಿಂಗ್ ಮಾಡಿದ್ದು. ಒಂದು ಹಾಡನ್ನು ಸ್ಲೋ ಮೋಷನ್‌ನಲ್ಲೇ ತೆಗೆದರು. ಆಗ ಅದಕ್ಕೆ ಕ್ಯಾಮೆರಾದಲ್ಲಿ ರೀಲು ಜೋರಾಗಿ ಓಡಬೇಕಿತ್ತು, ಅಂದರೆ ರೀಲಿನ ಖರ್ಚೂ ಅಷ್ಟೇ ಜಾಸ್ತಿ. ಈಗ ಫೋನಿನಲ್ಲಿ ಒಂದು ಬಟನ್.

ಆದರೆ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಶೂಟಿಂಗಿಗೆ ಮೊದಲೇ ಬರೆದು ಅನುಮತಿ ತಗೊಳ್ಳಿ. ಡ್ರೋನ್ ಅಂತೂ ಅನುಮತಿ ಇಲ್ಲದೆ ತರಲೇಬೇಡಿ. ಕಲ್ಲಿನ ಮೇಲೆ ಬಣ್ಣ, ಹೊಗೆ ಏನೂ ಬೇಡ.

ಕಂಪನಿ ನಾಟಕ ಪ್ರಿಯ

ಕೋಟೆ ಚೆಂದ. ಆದರೆ ದೋಸೆ ಪೊಟ್ಟಣಕ್ಕೆ ಮಂಡಿಪೇಟೆಯೇ ಸರಿ ಅಲ್ವಾ? ಗಲ್ಲಿಯಲ್ಲಿ ಹಮಾಲರು ಗೋಡೆಗೆ ಸರಿದು ದಾರಿ ಬಿಡುತ್ತಾರಲ್ಲ, ಆ ಜಾಗ ನೋಡಿ ನನಗೆ ಮನೆಗೆ ಹೋದ ಹಾಗಾಯಿತು.

ಕತ್ತರಿ ಕೆಲಸ

ನನ್ನ ಓಟೂ ಮಂಡಿಪೇಟೆಗೆ ಸರ್.

ಕೊನೆಯದಾಗಿ ಟೈಟಲ್. ಫ್ರೇಮ್ ನಿಲ್ಲಿಸಿದ ಗಳಿಗೆ ಬಹಳ ಸರಿಯಾಗಿದೆ. ಮಂಡಕ್ಕಿ ಇನ್ನೂ ಗಾಳಿಯಲ್ಲಿದೆ, ಹುಡುಗನ ಬಾಯಿ ತೆರೆದಿದೆ. ಆದರೆ ಬಿಳಿ ಮಂಡಕ್ಕಿ ಮೇಲೆ ಬಿಳಿ ಅಕ್ಷರ. ಜೊತೆಗೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂತಿವೆ. ಎಷ್ಟೋ ಎಡಿಟಿಂಗ್ ಆ್ಯಪ್‌ಗಳಿಗೆ ಕನ್ನಡದ ಒತ್ತು ಜೋಡಿಸಲು ಬರುವುದಿಲ್ಲ. ಟೈಟಲನ್ನು ಕನ್ನಡ ಸರಿಯಾಗಿ ಬರುವ ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ಉಳಿಸಿ, ತಂದು ಅಂಟಿಸಿ. ಕೈಯಲ್ಲೇ ಬರೆದು ಫೋಟೋ ತೆಗೆದರೆ ಇನ್ನೂ ಚೆಂದ. ಹಳೆ ಪೇಂಟರ್‌ಗಳ ಬೋರ್ಡ್ ಅಕ್ಷರದ ಹಾಗೆ ಹಳದಿ ಬಣ್ಣದಲ್ಲಿ, ಕೆಂಪು ಅಂಚು ಕೊಟ್ಟು. ಒತ್ತಿಗೆ ಕೆಳಗೆ ಜಾಗ ಬಿಡೋದು ಮರೆಯಬೇಡಿ.

ಮಂಡಕ್ಕಿ ಟೀಮ್

ನಾಲ್ಕು ದಿನ ಆಯಿತು, ಹೊಸ ಕಟ್ ರೆಡಿ ಮಾಡಿದ್ದೇವೆ. ಬೆಣ್ಣೆಯ ಶಾಟ್ ಮತ್ತೆ ತೆಗೆದೆವು. ಹೋಟೆಲ್ಲಿನ ಅಜ್ಜ ಕಾವಲಿಯ ಮೇಲಿನ ಲೈಟ್ ಆರಿಸಿ, ಹಿಂದಿನ ಬಾಗಿಲು ತೆಗೆದು ಬಿಸಿಲು ಬಿಟ್ಟರು. ಬೆಣ್ಣೆ ಕರಗಿ ಅಂಚಿಗೆ ಹೋಗುವವರೆಗೂ ಬೆಳಕು ಅಲುಗಲಿಲ್ಲ. ಗಲ್ಲಿಯಲ್ಲಿ ಎದುರಿಗೆ ಓಡಿ ಬರುವ ಶಾಟ್ ಸೇರಿಸಿದೆವು. ಎರಡನೇ ಗುದ್ದು ಭುಜದ ಹಿಂದಿನಿಂದ ತೆಗೆದೆವು. ಓರೆ ಶಾಟ್ ಒಂದೇ ಉಳಿಸಿದ್ದೇವೆ. ಟೈಟಲ್ ನಮ್ಮ ಬೀದಿಯ ಪೇಂಟರ್ ಮಾಮ ರಟ್ಟಿನ ಮೇಲೆ ಬರೆದುಕೊಟ್ಟರು.

ಚೀಲ ಒಡೆಯುವ ಶಾಟ್ ಮಾತ್ರ ಹಳೆಯದೇ. ಎರಡೇ ಚೀಲ ಇತ್ತು. ಮೊದಲನೆಯದಕ್ಕೆ ಫೋಕಸ್ ತಪ್ಪಿತು, ಎರಡನೆಯದೇ ನೀವು ನೋಡಿದ್ದು. ಕೆಳಗೆ ಚಾಪೆ ಹಾಸಿದ್ದರಿಂದ ಮಂಡಕ್ಕಿ ಹಾಳಾಗಲಿಲ್ಲ, ಗೋರಿ ತುಂಬಿ ಒಗ್ಗರಣೆ ಹಾಕಿ ಎಲ್ಲರೂ ತಿಂದೆವು.

ಚಪ್ಪಲಿ ಶಾಟ್ ಈಗ 6 ಸೆಕೆಂಡ್. ಅಕ್ಕ ಹೇಳಿದ ಹಾಗೆ ಕಥೆ ಗೊತ್ತಿಲ್ಲದ ಐದು ಜನರಿಗೆ ತೋರಿಸಿ ಮುಖ ನೋಡಿದೆ. ಮೂರನೇ ಸೆಕೆಂಡಿಗೆ ಒಬ್ಬರು ನಕ್ಕರು. ನಾಲ್ಕಕ್ಕೆ ಐದೂ ಜನ. ಪಿನ್ನು ಬೆರಳಿಗೆ ಚುಚ್ಚಿ ಅವನು ಪೊಟ್ಟಣ ಬಿಡದೆ ಹಲ್ಲಿನಲ್ಲೇ ‘ಹಾಂ’ ಅನ್ನೋದು ಐದನೇ ಸೆಕೆಂಡಿನಲ್ಲಿದೆ. ಅದನ್ನೇ ನಾನು ಕತ್ತರಿಸಿ ಎಸೆದಿದ್ದೆ.

ಕಂಪನಿ ನಾಟಕ ಪ್ರಿಯ

ಆ ‘ಹಾಂ’ ಆದಮೇಲೆ ಇನ್ನೂ ಅರ್ಧ ಸೆಕೆಂಡ್ ಬಿಡಮ್ಮ.